ಚೆನ್ನಮಲ್ಲಿಕಾರ್ಜುನನ ಹೆಸರೇ ಉಸಿರಾದ ಅಕ್ಕಮಹಾದೇವಿ

ಶ್ರೀಶೈಲಕ್ಕೆ ಬರುವ ಕನ್ನಡ ನಾಡಿನ ಭಕ್ತರು ಸ್ವಾಮಿಯನ್ನು ಪ್ರೀತಿಯಿಂದ ಮಲ್ಲಯ್ಯ ಅಂತ ಕರೆಯುತ್ತಾರೆ. ಯುಗಾದಿಗೆ ಮುಂಚೆ ನಲ್ಲಮಲ ಕಾಡಿನಲ್ಲಿ ಕಂಬಿ ಹೊತ್ತು ನಡೆದು ಬರುವವರ ಬಾಯಲ್ಲೂ ಅದೇ ಹೆಸರು. ಈ ಹೆಸರಿಗೆ ಮುಂದೆ ಚೆನ್ನ ಎಂಬ ಪದವನ್ನು ಸೇರಿಸಿ, ತನ್ನ ಜೀವನವನ್ನೇ ಅದಕ್ಕೆ ಒಪ್ಪಿಸಿದ ಮಹಾಶರಣೆ ಅಕ್ಕಮಹಾದೇವಿ.

ಮಲ್ಲಿಕಾ ಎಂದರೆ ಮಲ್ಲಿಗೆ, ಅರ್ಜುನ ಎಂದರೆ ಬಿಳುಪು. ಮತ್ತಿ ಮರಕ್ಕೂ ಅರ್ಜುನ ಎಂಬ ಹೆಸರಿದೆ. ಆದ್ದರಿಂದ ಮತ್ತಿ ಮರಕ್ಕೆ ಹಬ್ಬಿದ ಮಲ್ಲಿಗೆ ಬಳ್ಳಿ ಅಂತ ಅರ್ಥ ಹೇಳುವವರೂ ಉಂಟು. ಚಂದ್ರಾವತಿ ಎಂಬ ರಾಜಕುಮಾರಿ ದಿನಾಲೂ ಮಲ್ಲಿಗೆ ಹೂವಿನಿಂದ ಪೂಜೆ ಮಾಡಿದ್ದರಿಂದ ಸ್ವಾಮಿಗೆ ಈ ಹೆಸರು ಬಂತು ಎಂಬುದು ಸ್ಥಳಪುರಾಣ. ಚೆನ್ನ ಎಂಬುದು ಅಚ್ಚಗನ್ನಡ ಮಾತು, ಅಂದರೆ ಚೆಲುವ.

ಅಕ್ಕಮಹಾದೇವಿ ಹನ್ನೆರಡನೆಯ ಶತಮಾನದಲ್ಲಿ ಈಗಿನ ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಉಡುತಡಿಯಲ್ಲಿ ಶಿವಭಕ್ತ ದಂಪತಿಗಳ ಮಗಳಾಗಿ ಹುಟ್ಟಿದಳು. ಚಿಕ್ಕಂದಿನಲ್ಲೇ ಚೆನ್ನಮಲ್ಲಿಕಾರ್ಜುನನೇ ತನ್ನ ಪತಿ ಅಂತ ನಿಶ್ಚಯ ಮಾಡಿಕೊಂಡಳು. ಹೀಗಿರುವಾಗ ಅಲ್ಲಿಯ ಅರಸ ಕೌಶಿಕ ಆಕೆಯ ರೂಪಕ್ಕೆ ಮರುಳಾಗಿ ಮದುವೆಗೆ ಹಟ ಹಿಡಿದ. ಒಪ್ಪದಿದ್ದರೆ ತಂದೆತಾಯಿಗೆ ಕಷ್ಟ, ಒಪ್ಪಿದರೆ ತನ್ನ ವ್ರತಕ್ಕೆ ಭಂಗ. ತನ್ನ ಪೂಜೆಗೆ, ಶರಣರ ಸೇವೆಗೆ ಅಡ್ಡಿ ಮಾಡಬಾರದೆಂದು ಷರತ್ತು ಹಾಕಿ ಆಕೆ ಮದುವೆಯಾದಳು, ಅರಸ ಮಾತಿಗೆ ತಪ್ಪಿದಾಗ ಅರಮನೆ ಬಿಟ್ಟಳು ಅಂತ ಹರಿಹರ ಕವಿ ಬರೆದಿದ್ದಾನೆ. ಮದುವೆಯೇ ಆಗಲಿಲ್ಲ ಎಂಬುದು ಚಾಮರಸನ ಪ್ರಭುಲಿಂಗಲೀಲೆಯ ಕಥೆ. ಎರಡರಲ್ಲೂ ಒಂದು ಮಾತು ಮಾತ್ರ ಬದಲಾಗುವುದಿಲ್ಲ. ಒಡವೆ ವಸ್ತ್ರ ಎಲ್ಲವನ್ನೂ ಅಲ್ಲೇ ಬಿಟ್ಟು, ತಲೆಗೂದಲನ್ನೇ ಮೈಗೆ ಹೊದ್ದುಕೊಂಡು ಆಕೆ ಒಬ್ಬಳೇ ಹೊರಟಳು.

ದಾರಿಯಲ್ಲಿ ಹಸಿವು, ಚಳಿ, ಜನರ ಕೆಟ್ಟ ನೋಟ ಎಲ್ಲವನ್ನೂ ಸಹಿಸಿ ಕಲ್ಯಾಣಕ್ಕೆ ಬಂದಳು. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಸುಮ್ಮನೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಗಂಡ ಯಾರು ಅಂತ ಕೇಳಿದರು. ದೇಹದ ಹಂಗು ಬಿಟ್ಟವಳಿಗೆ ಕೂದಲ ಮರೆ ಯಾಕೆ ಅಂತಲೂ ಕೇಳಿದರು. ಹುಟ್ಟು ಸಾವು ಇಲ್ಲದವನೇ ಪತಿ ಎಂದಳು. ಕೂದಲಿನ ಮರೆ ನೋಡುವವರ ಮನಸ್ಸು ನೋಯದಿರಲಿ ಅಂತ ಮಾತ್ರ ಎಂದಳು. ಬಸವಣ್ಣನವರೂ ಉಳಿದ ಶರಣರೂ ತಲೆದೂಗಿದರು. ವಯಸ್ಸಿನಲ್ಲಿ ಚಿಕ್ಕವಳಾದರೂ ಎಲ್ಲರಿಗೂ ಅಕ್ಕನಾದಳು.

ಶರಣರು ತಮ್ಮ ವಚನದ ಕೊನೆಗೆ ಇಷ್ಟದೈವದ ಹೆಸರು ಇಡುತ್ತಿದ್ದರು. ಇದಕ್ಕೆ ಅಂಕಿತ ಎನ್ನುತ್ತಾರೆ. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮಪ್ರಭುಗಳದು ಗುಹೇಶ್ವರ, ಸೊನ್ನಲಿಗೆಯ ಸಿದ್ಧರಾಮರದು ಕಪಿಲಸಿದ್ಧ ಮಲ್ಲಿಕಾರ್ಜುನ. ಸಿದ್ಧರಾಮರೂ ಬಾಲಕರಾಗಿದ್ದಾಗ ಮಲ್ಲಯ್ಯನನ್ನು ಹುಡುಕಿಕೊಂಡು ಶ್ರೀಶೈಲಕ್ಕೆ ಬಂದವರೇ. ಅಕ್ಕನ ಅಂಕಿತ ಚೆನ್ನಮಲ್ಲಿಕಾರ್ಜುನ. ಇದು ಬರೀ ಸಹಿ ಹಾಕಿದ ಹಾಗಲ್ಲ. ವಚನದಲ್ಲಿ ಅಕ್ಕ ಅತ್ತರೂ, ಮುನಿದರೂ, ಬೇಡಿದರೂ ಆ ಮಾತು ಕೊನೆಗೆ ಹೋಗಿ ಸೇರುವುದು ಆ ಹೆಸರಿಗೇ. ಅರಸನ ಎದುರು ಆಕೆಗಿದ್ದ ಆಸರೆಯೂ ಆ ಒಂದು ಹೆಸರೇ.

ಕಲ್ಯಾಣದಿಂದ ಅಕ್ಕ ಶ್ರೀಶೈಲಕ್ಕೆ ಬಂದು ಕದಳಿ ವನದಲ್ಲಿ ತಪಸ್ಸು ಮಾಡಿ ಅಲ್ಲೇ ಲಿಂಗೈಕ್ಯಳಾದಳು. ಪಾತಾಳಗಂಗೆಯಿಂದ ಕೃಷ್ಣೆಯಲ್ಲಿ ದೋಣಿ ಹತ್ತಿ ಹೋದರೆ ಅಕ್ಕಮಹಾದೇವಿ ಗುಹೆ ಸಿಗುತ್ತದೆ. ಒಳಗಿನ ಇಕ್ಕಟ್ಟಾದ ದಾರಿಯ ಕೊನೆಗೆ ಶಿವಲಿಂಗದ ದರ್ಶನವಾಗುತ್ತದೆ. ದವನದ ಹುಣ್ಣಿಮೆಯ ದಿನ ಅಕ್ಕನ ಜಯಂತಿ ಆಚರಿಸುತ್ತಾರೆ.

ಸ್ವಾಮಿಯ ಹೆಸರು ಹೇಳುವುದಕ್ಕೆ ಕಾಸು ಖರ್ಚಿಲ್ಲ. ಆದರೆ ಅದನ್ನು ನಂಬಿ ಬದುಕುವುದು ಸುಲಭವಲ್ಲ ಅಂತ ಅಕ್ಕನ ಚರಿತ್ರೆಯಿಂದ ತಿಳಿಯುತ್ತದೆ. ದರ್ಶನದ ಸಾಲಿನಲ್ಲಿ ನಿಂತಾಗ ಭಕ್ತಾದಿಗಳು ಒಮ್ಮೆ ಅಕ್ಕನನ್ನು ನೆನೆದು ಚೆನ್ನಮಲ್ಲಿಕಾರ್ಜುನ ಎಂದು ಮನಸಾರೆ ಕರೆಯಲಿ. ಭ್ರಮರಾಂಬಾ ಸಮೇತ ಮಲ್ಲಿಕಾರ್ಜುನ ಸ್ವಾಮಿ ಎಲ್ಲರಿಗೂ ಒಳ್ಳೆಯದು ಮಾಡಲಿ.