ಗ್ರೇಸ್ ಹಾಪರ್

ಆಡು ಮುಟ್ಟದ ಸೊಪ್ಪಿಲ್ಲ ಎಂಬಂತೆ ಇಂದು ಗಣಕಯಂತ್ರ ಪ್ರವೇಶಿಸದ ಕ್ಷೇತ್ರವಿಲ್ಲ. ಬ್ಯಾಂಕಿನ ಲೆಕ್ಕ, ರೈಲಿನ ಟಿಕೆಟ್, ಪರೀಕ್ಷೆಯ ಫಲಿತಾಂಶ ಇವೆಲ್ಲವೂ ಅದರ ಮೂಲಕವೇ ನಮ್ಮನ್ನು ತಲುಪುತ್ತವೆ. ಆದರೆ ಯಾವ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕೆಂಬುದನ್ನು ಮನುಷ್ಯನೇ ಅದಕ್ಕೆ ಆಜ್ಞೆಗಳ ರೂಪದಲ್ಲಿ ಬರೆದುಕೊಡಬೇಕು. ಈ ಆಜ್ಞೆಗಳ ಸಾಲಿಗೆ ಕ್ರಮವಿಧಿ ಅಥವಾ ಪ್ರೋಗ್ರಾಂ ಎಂದು ಹೆಸರು. ಒಂದು ಕಾಲದಲ್ಲಿ ಪ್ರತಿಯೊಂದು ಬಗೆಯ ಯಂತ್ರಕ್ಕೂ ಅದರದೇ ಆದ ಸಂಕೇತಗಳಿದ್ದುವು. ಒಂದು ಯಂತ್ರಕ್ಕೆ ಬರೆದ ಕ್ರಮವಿಧಿ ಇನ್ನೊಂದಕ್ಕೆ ಅರ್ಥವಾಗುತ್ತಿರಲಿಲ್ಲ. ಯಂತ್ರವು ಹಳೆಯದಾಗಿ ಮೂಲೆ ಸೇರಿದಾಗ, ಅದಕ್ಕಾಗಿ ವರ್ಷಗಟ್ಟಲೆ ದುಡಿದವರ ಶ್ರಮವೂ ಅದರೊಡನೆ ಮಣ್ಣುಗೂಡುತ್ತಿತ್ತು. ಯಂತ್ರ ಬದಲಾದರೂ ಮನುಷ್ಯನ ಶ್ರಮ ಉಳಿಯಬೇಕೆಂದು ಹಟ ಹಿಡಿದು ದುಡಿದವರಲ್ಲಿ ಅಗ್ರಗಣ್ಯರು ಅಮೆರಿಕದ ಗಣಿತಜ್ಞೆ ಗ್ರೇಸ್ ಹಾಪರ್.

ಗ್ರೇಸ್ 1906ನೆಯ ಇಸವಿ ಡಿಸೆಂಬರ್ 9ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದಳು. ಮೂವರು ಮಕ್ಕಳಲ್ಲಿ ಆಕೆಯೇ ಹಿರಿಯವಳು. ಹೆಣ್ಣುಮಕ್ಕಳಿಗೂ ಗಂಡುಮಗನಿಗೆ ಸಿಗುವಷ್ಟೇ ವಿದ್ಯೆ ಸಿಗಬೇಕೆಂಬುದು ತಂದೆಯ ಇಚ್ಛೆಯಾಗಿತ್ತು. ಬಾಲ್ಯದಿಂದಲೂ ಗ್ರೇಸ್‌ಗೆ ವಸ್ತುಗಳ ಒಳಗುಟ್ಟನ್ನು ತಿಳಿಯುವ ತವಕ. ಏಳು ವರ್ಷದವಳಾಗಿದ್ದಾಗ ಅಲಾರಂ ಗಡಿಯಾರ ಹೇಗೆ ನಡೆಯುತ್ತದೆಂದು ನೋಡಲು ಒಂದನ್ನು ಬಿಚ್ಚಿದಳು. ಮತ್ತೆ ಜೋಡಿಸಲು ಬಾರದೆ, ಅದನ್ನು ಅರಿಯಲು ಇನ್ನೊಂದನ್ನು ಬಿಚ್ಚಿದಳು. ಹೀಗೆ ಮನೆಯಲ್ಲಿದ್ದ ಏಳು ಗಡಿಯಾರಗಳೂ ಬಿಡಿಭಾಗಗಳಾಗಿ ಹರಡಿಕೊಂಡುವು! ತಾಯಿ ಆಕೆಯ ಕುತೂಹಲವನ್ನು ಚಿವುಟಿಹಾಕಲಿಲ್ಲ. ಇನ್ನು ಮುಂದೆ ಒಂದೇ ಗಡಿಯಾರವನ್ನು ಬಿಚ್ಚಬಹುದೆಂದು ಕಟ್ಟುಮಾಡಿದರು, ಅಷ್ಟೆ.

ಮುಂದೆ ಗ್ರೇಸ್ ವಾಸರ್ ಕಾಲೇಜಿನಲ್ಲಿ ಗಣಿತ ಮತ್ತು ಭೌತವಿಜ್ಞಾನಗಳನ್ನು ಅಭ್ಯಾಸ ಮಾಡಿ 1928ರಲ್ಲಿ ಪದವಿ ಪಡೆದರು. 1930ರಲ್ಲಿ ವಿನ್ಸೆಂಟ್ ಹಾಪರ್ ಎಂಬುವರನ್ನು ವಿವಾಹವಾದರು. 1934ರಲ್ಲಿ ಯೇಲ್ ವಿಶ್ವವಿದ್ಯಾಲಯವು ಅವರಿಗೆ ಗಣಿತದಲ್ಲಿ ಡಾಕ್ಟರೇಟ್ ನೀಡಿತು. ತಾವು ಓದಿದ ವಾಸರ್ ಕಾಲೇಜಿನಲ್ಲಿಯೇ ಅವರು ಅಧ್ಯಾಪಕರಾದರು.

ಈ ನೆಮ್ಮದಿಯ ಬದುಕನ್ನು ಎರಡನೆಯ ಮಹಾಯುದ್ಧ ಕಲಕಿತು. ದೇಶಸೇವೆಗಾಗಿ ನೌಕಾಪಡೆಯನ್ನು ಸೇರಬೇಕೆಂದು ಅವರು ನಿಶ್ಚಯಿಸಿದರು. ಆದರೆ ಆಗಲೇ ಅವರ ವಯಸ್ಸು ಮೂವತ್ತಾರು ದಾಟಿತ್ತು. ನಿಯಮಕ್ಕೆ ಬೇಕಾದ ತೂಕಕ್ಕಿಂತ ಅವರ ತೂಕ 15 ಪೌಂಡುಗಳಷ್ಟು ಕಡಿಮೆಯಾಗಿತ್ತು. ಅವರು ಎದೆಗುಂದದೆ ವಿಶೇಷ ಅನುಮತಿಯನ್ನು ಪಡೆದು, 1943ರಲ್ಲಿ ನೌಕಾಪಡೆಯ ಮೀಸಲು ದಳವನ್ನು ಸೇರಿದರು. ತರಬೇತಿಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿದ ಅವರನ್ನು 1944ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಕಳುಹಿಸಲಾಯಿತು.

ಅಲ್ಲಿ ಅವರಿಗಾಗಿ ಕಾದಿದ್ದುದು ಮಾರ್ಕ್ 1 ಎಂಬ ಬೃಹತ್ ಗಣಕಯಂತ್ರ. ಅದರ ಉದ್ದ 51 ಅಡಿ, ಎತ್ತರ 8 ಅಡಿ, ತೂಕ ಸುಮಾರು 5 ಟನ್. ಸೆಕೆಂಡಿಗೆ ಮೂರು ಕೂಡುವ ಲೆಕ್ಕಗಳನ್ನು ಅದು ಮಾಡುತ್ತಿತ್ತು. ಒಂದು ಗುಣಾಕಾರಕ್ಕೆ ಸುಮಾರು 6 ಸೆಕೆಂಡುಗಳು ಬೇಕಾಗಿದ್ದುವು. ಅದಕ್ಕೆ ಕೊಡಬೇಕಾದ ಆಜ್ಞೆಗಳನ್ನು ಕಾಗದದ ಪಟ್ಟಿಯ ಮೇಲೆ ರಂಧ್ರಗಳ ರೂಪದಲ್ಲಿ ಕೊರೆಯಬೇಕಾಗಿತ್ತು. ಹೊವರ್ಡ್ ಐಕನ್ನರ ಮಾರ್ಗದರ್ಶನದಲ್ಲಿ ಹಾಪರ್ ಈ ಕೆಲಸದಲ್ಲಿ ಪರಿಣತರಾದರು. ಒಮ್ಮೆ ಬರೆದ ಆಜ್ಞೆಗಳ ತುಣುಕುಗಳನ್ನು ಅವರೂ ಅವರ ಸಹೋದ್ಯೋಗಿಗಳೂ ನೋಟುಪುಸ್ತಕಗಳಲ್ಲಿ ಬರೆದಿಟ್ಟುಕೊಂಡು, ಬೇಕಾದಾಗ ಒಬ್ಬರ ಪುಸ್ತಕದಿಂದ ಮತ್ತೊಬ್ಬರು ನಕಲು ಮಾಡಿಕೊಳ್ಳುತ್ತಿದ್ದರು. ಹಾಗೆ ನಕಲು ಮಾಡುವಾಗ ತಪ್ಪುಗಳು ನುಸುಳುತ್ತಿದ್ದುವು. ಬೇಸರವಿಲ್ಲದೆ, ತಪ್ಪಿಲ್ಲದೆ ನಕಲು ಮಾಡುವ ಕೆಲಸ ಯಂತ್ರಕ್ಕೇ ತಕ್ಕುದಲ್ಲವೆ? ಈ ವಿಚಾರದ ಬೀಜ ಅವರ ಮನಸ್ಸಿನಲ್ಲಿ ಮೊಳೆಯಿತು.

ಯುದ್ಧ ಮುಗಿದ ಮೇಲೆ ವಾಸರ್ ಕಾಲೇಜು ಪ್ರಾಧ್ಯಾಪಕ ಹುದ್ದೆಯನ್ನು ನೀಡಲು ಮುಂದೆ ಬಂದರೂ ಅವರು ಒಪ್ಪಲಿಲ್ಲ. ಅಷ್ಟರಲ್ಲಿ ಅವರ ದಾಂಪತ್ಯವೂ ಕೊನೆಗೊಂಡಿತ್ತು. 1949ರಲ್ಲಿ ಫಿಲಡೆಲ್ಫಿಯದಲ್ಲಿದ್ದ ಎಕರ್ಟ್ ಮತ್ತು ಮಾಕ್ಲಿ ಅವರ ಸಣ್ಣ ಕಂಪನಿಯನ್ನು ಸೇರಿದರು. ಯೂನಿವ್ಯಾಕ್ ಎಂಬ ಯಂತ್ರವನ್ನು ನಿರ್ಮಿಸುತ್ತಿದ್ದ ಆ ಕಂಪನಿ ಹಣಕಾಸಿನ ಸಂಕಟದಲ್ಲಿತ್ತು. ಮರುವರ್ಷವೇ ಅದು ರೆಮಿಂಗ್ಟನ್ ರ‍್ಯಾಂಡ್ ಸಂಸ್ಥೆಯ ಪಾಲಾಯಿತು.

ಅಲ್ಲಿನ ಒಂದು ಯಂತ್ರದ ಸಂಕೇತಗಳನ್ನು ಎಂಟರ ಎಣಿಕೆಯಲ್ಲಿ ಬರೆಯಬೇಕಾಗಿತ್ತು. ಅಂದರೆ ಏಳರ ಅನಂತರ ಎಂಟು ಬರೆಯದೆ 10 ಎಂದು ಬರೆಯಬೇಕು. ಈ ಅಭ್ಯಾಸ ಎಷ್ಟು ಬೇರೂರಿತೆಂದರೆ, ಹಾಪರ್ ತಮ್ಮ ಬ್ಯಾಂಕಿನ ಲೆಕ್ಕವನ್ನೂ ಎಂಟರ ಎಣಿಕೆಯಲ್ಲಿಯೇ ಕಳೆಯತೊಡಗಿದರು. ಬ್ಯಾಂಕಿನ ಲೆಕ್ಕಕ್ಕೂ ತಮ್ಮ ಲೆಕ್ಕಕ್ಕೂ ತಾಳೆಯಾಗದಿದ್ದಾಗ ಕಾರಣ ಹೊಳೆಯಿತು. ನಗು ಬರಿಸುವ ಈ ಪ್ರಸಂಗದಿಂದ ಅವರು ಒಂದು ದೊಡ್ಡ ಪಾಠ ಕಲಿತರು. ಯಂತ್ರವು ಮನುಷ್ಯನಿಗೆ ಹೊಂದಿಕೊಳ್ಳುವ ಬದಲು ಮನುಷ್ಯನೇ ಯಂತ್ರಕ್ಕೆ ಹೊಂದಿಕೊಳ್ಳುತ್ತಿದ್ದನು. ಇದು ಬದಲಾಗಬೇಕಾಗಿತ್ತು.

1952ರಲ್ಲಿ ಅವರು ಎ-0 ಎಂಬ ಕಂಪೈಲರನ್ನು ಸಿದ್ಧಪಡಿಸಿದರು. ಪ್ರತಿಯೊಂದು ಆಜ್ಞೆಯ ತುಣುಕಿಗೂ ಒಂದು ಸಂಖ್ಯೆಯನ್ನು ಕೊಟ್ಟು, ಎಲ್ಲವನ್ನೂ ಟೇಪಿನಲ್ಲಿ ಶೇಖರಿಸಿದರು. ಬೇಕಾದ ಸಂಖ್ಯೆಗಳನ್ನು ಬರೆದುಕೊಟ್ಟರೆ ಸಾಕು, ಯಂತ್ರವೇ ಆ ತುಣುಕುಗಳನ್ನು ಹುಡುಕಿ ತೆಗೆದು ಪೂರ್ಣ ಕ್ರಮವಿಧಿಯನ್ನು ಜೋಡಿಸುತ್ತಿತ್ತು. ಕ್ರಮವಿಧಿಯನ್ನು ಬರೆಯಲು ಯಂತ್ರವೇ ನೆರವಾಗುವ ಕಾಲ ಹೀಗೆ ಪ್ರಾರಂಭವಾಯಿತು. ಆದರೆ ಕಣ್ಣೆದುರಿಗಿದ್ದುದನ್ನೂ ಬಹುಮಂದಿ ನಂಬಲಿಲ್ಲ. ಗಣಕಯಂತ್ರ ಲೆಕ್ಕ ಮಾಡಬಲ್ಲುದೇ ಹೊರತು ಕ್ರಮವಿಧಿಯನ್ನು ರಚಿಸಲಾರದು ಎಂಬುದು ಅವರ ವಾದವಾಗಿತ್ತು.

ಹಾಪರ್ ಮತ್ತೊಂದು ಹೆಜ್ಜೆ ಮುಂದೆ ಹೋದರು. ವ್ಯಾಪಾರದ ಲೆಕ್ಕಪತ್ರಗಳನ್ನು ನೋಡಿಕೊಳ್ಳುವವರಿಗೆ ಗಣಿತದ ಚಿಹ್ನೆಗಳಿಗಿಂತ ಮಾತುಗಳೇ ಹತ್ತಿರವೆಂಬುದನ್ನು ಅವರು ಮನಗಂಡಿದ್ದರು. ಓದು, ಹೋಲಿಸು, ಬರೆ ಎಂಬಂತಹ ಸರಳ ಇಂಗ್ಲಿಷ್ ಪದಗಳಲ್ಲಿ ಆಜ್ಞೆ ಕೊಡುವ ಯೋಜನೆಯನ್ನು ಮೇಲಧಿಕಾರಿಗಳ ಮುಂದಿಟ್ಟರು. ಪದಗಳು ಯಂತ್ರಕ್ಕೆ ಕೇವಲ ಗುರುತುಗಳು, ಯಾವ ಭಾಷೆಯಾದರೂ ಒಂದೇ ಎಂದು ತೋರಿಸಲು ಅದೇ ಕ್ರಮವಿಧಿಯನ್ನು ಫ್ರೆಂಚ್ ಮತ್ತು ಜರ್ಮನ್ ಪದಗಳಲ್ಲಿಯೂ ಬರೆದು ತೋರಿಸಿದರು. ಪರಿಣಾಮ ವಿಪರೀತವಾಯಿತು! ಅಮೆರಿಕದಲ್ಲಿ ತಯಾರಾದ ಯಂತ್ರ ಪರದೇಶದ ಭಾಷೆಯನ್ನು ತಿಳಿಯುವುದುಂಟೆ ಎಂದು ಅಧಿಕಾರಿಗಳು ಕಂಗಾಲಾದರು. ಇಂಗ್ಲಿಷನ್ನು ಮಾತ್ರ ಬಳಸುವುದಾಗಿ ಭರವಸೆ ಕೊಟ್ಟು ಹಾಪರ್ ಕೆಲಸ ಮುಂದುವರಿಸಬೇಕಾಯಿತು. ಈ ಪ್ರಯತ್ನದ ಫಲವೇ ಫ್ಲೋ-ಮ್ಯಾಟಿಕ್ ಎಂಬ ಭಾಷೆ.

ಆದರೂ ಮೂಲ ಸಮಸ್ಯೆ ಬಗೆಹರಿದಿರಲಿಲ್ಲ. ಫ್ಲೋ-ಮ್ಯಾಟಿಕ್ ಒಂದು ಕಂಪನಿಯ ಯಂತ್ರಗಳಿಗೆ ಮೀಸಲಾಗಿತ್ತು. ಬೇರೆ ಕಂಪನಿಗಳು ತಮ್ಮ ತಮ್ಮ ಭಾಷೆಗಳನ್ನು ರಚಿಸಿಕೊಳ್ಳುತ್ತಿದ್ದುವು. ಇದರಿಂದ ಉಂಟಾಗುತ್ತಿದ್ದ ನಷ್ಟ ಅಲ್ಪವಲ್ಲ. ಆ ವೇಳೆಗೆ ಅಮೆರಿಕದ ರಕ್ಷಣಾ ಇಲಾಖೆಯಲ್ಲಿ 225 ಗಣಕಯಂತ್ರಗಳಿದ್ದುವು. ಇನ್ನೂ 175 ಯಂತ್ರಗಳಿಗೆ ಬೇಡಿಕೆ ಸಲ್ಲಿಸಲಾಗಿತ್ತು. ಕ್ರಮವಿಧಿಗಳ ರಚನೆಗೆಂದೇ ಇಲಾಖೆ 20 ಕೋಟಿ ಡಾಲರುಗಳಿಗಿಂತ ಹೆಚ್ಚು ವೆಚ್ಚ ಮಾಡಿತ್ತು. ಯಂತ್ರ ಬದಲಾದಂತೆಲ್ಲ ಈ ಹಣ ನೀರಿನಲ್ಲಿ ಮಾಡಿದ ಹೋಮವಾಗುತ್ತಿತ್ತು.

ಬರೋಸ್ ಕಂಪನಿಯ ಮೇರಿ ಹಾಸ್ ಎಂಬ ಮಹಿಳೆ ಎಲ್ಲ ಯಂತ್ರಗಳಿಗೂ ಒಂದು ಸಾಮಾನ್ಯ ಭಾಷೆ ಬೇಕೆಂಬ ಸಲಹೆಯನ್ನು ಮುಂದಿಟ್ಟರು. 1959ರ ಏಪ್ರಿಲ್ ತಿಂಗಳಲ್ಲಿ ನಡೆದ ಸಣ್ಣ ಸಭೆಯಲ್ಲಿ ಹಾಪರ್ ಅವರೂ ಭಾಗವಹಿಸಿದರು. ಮೇ ತಿಂಗಳಲ್ಲಿ ರಕ್ಷಣಾ ಇಲಾಖೆಯ ಆಶ್ರಯದಲ್ಲಿ ದೊಡ್ಡ ಸಭೆ ಸೇರಿತು. ಪರಸ್ಪರ ಸ್ಪರ್ಧಿಗಳಾದ ಕಂಪನಿಗಳ ಪ್ರತಿನಿಧಿಗಳು ಅಲ್ಲಿ ಒಟ್ಟಿಗೆ ಕುಳಿತರು. ಸಾಮಾನ್ಯ ಭಾಷೆಯನ್ನು ಒಪ್ಪಿದರೆ ಪ್ರತಿಯೊಂದು ಕಂಪನಿಯೂ ತನ್ನ ಭಾಷೆಯ ಹಿರಿಮೆಯನ್ನು ಬಿಟ್ಟುಕೊಡಬೇಕಾಗಿತ್ತು. ಫ್ಲೋ-ಮ್ಯಾಟಿಕ್, ವಾಯುಪಡೆಯ ಐಮ್ಯಾಕೋ, ಐಬಿಎಂ ಕಂಪನಿಯ ಕಾಮ್‌ಟ್ರಾನ್ ಎಂಬ ಮೂರು ಭಾಷೆಗಳನ್ನು ಮುಖ್ಯವಾಗಿ ಪರಿಶೀಲಿಸಲಾಯಿತು. ಯಾವುದು ಹೆಚ್ಚು ಚತುರವಾದುದು ಎಂಬುದಕ್ಕಿಂತ, ಯಾವುದು ಓದಲು ಸುಲಭ, ಯಾವುದು ಯಂತ್ರದ ಹಂಗಿನಿಂದ ಮುಕ್ತ ಎಂಬ ಪ್ರಶ್ನೆಗಳೇ ಪ್ರಧಾನವಾದುವು. ಈ ಚರ್ಚೆಯಿಂದ ಹುಟ್ಟಿದ ಹೊಸ ಭಾಷೆಯೇ ಕೋಬಾಲ್. ಅದನ್ನು ರಚಿಸಿದವರು ಹಾಪರ್ ಒಬ್ಬರೇ ಅಲ್ಲ. ಹಲವರ ಶ್ರಮ ಅದರಲ್ಲಿ ಸೇರಿದೆ. ಹಾಪರ್ ಸಲಹೆಗಾರರಾಗಿದ್ದರು. ಆದರೆ ಅದರ ಅಡಿಪಾಯದಲ್ಲಿ ಬಹುಭಾಗ ಅವರ ಫ್ಲೋ-ಮ್ಯಾಟಿಕ್‌ನಿಂದ ಬಂದುದು.

ಹಲವರಿಗೆ ಈ ಕೂಸು ಬದುಕುವುದೆಂಬ ನಂಬಿಕೆಯಿರಲಿಲ್ಲ. ಕೆಲಸದ ನಿಧಾನಗತಿಗೆ ಬೇಸತ್ತ ಒಬ್ಬ ತಂತ್ರಜ್ಞರಂತೂ ಕೋಬಾಲ್ ಎಂದು ಕೆತ್ತಿಸಿದ ಗೋರಿಕಲ್ಲನ್ನೇ ಸಮಿತಿಯ ಅಧ್ಯಕ್ಷರಿಗೆ ಕಳುಹಿಸಿಕೊಟ್ಟರು! ಆದರೆ 1960ರ ಡಿಸೆಂಬರ್ ತಿಂಗಳಲ್ಲಿ ಆ ಸಂಶಯಕ್ಕೆ ತಕ್ಕ ಉತ್ತರ ದೊರೆಯಿತು. ಒಂದೇ ಕ್ರಮವಿಧಿಯನ್ನು ಅತ್ಯಲ್ಪ ಬದಲಾವಣೆಗಳೊಡನೆ ಆರ್‌ಸಿಎ ಕಂಪನಿಯ ಯಂತ್ರದಲ್ಲಿಯೂ ರೆಮಿಂಗ್ಟನ್ ರ‍್ಯಾಂಡ್ ಸಂಸ್ಥೆಯ ಯೂನಿವ್ಯಾಕ್ ಯಂತ್ರದಲ್ಲಿಯೂ ನಡೆಸಿ ತೋರಿಸಲಾಯಿತು. ಬೇರೆ ಬೇರೆ ಕಂಪನಿಗಳು ನಿರ್ಮಿಸಿದ ಎರಡು ಯಂತ್ರಗಳು ಒಂದೇ ಮಾತನ್ನು ಅರಿತು ನಡೆದುವು.

ಭಾಷೆ ಹುಟ್ಟಿದರೆ ಸಾಲದು, ಅದು ಒಡೆದು ಹೋಗದಂತೆ ಕಾಯಬೇಕು. ಕಾಲಕ್ರಮದಲ್ಲಿ ಕಂಪನಿಗಳು ಕೋಬಾಲ್‌ಗೆ ತಮಗೆ ಬೇಕಾದುದನ್ನು ಸೇರಿಸತೊಡಗಿದುವು. ಸಾಮಾನ್ಯ ಭಾಷೆ ಮತ್ತೆ ಹತ್ತಾರು ಉಪಭಾಷೆಗಳಾಗುವ ಅಪಾಯ ತಲೆದೋರಿತು. 1966ರ ಕೊನೆಯಲ್ಲಿ, ಅರವತ್ತನೆಯ ವಯಸ್ಸಿನಲ್ಲಿ, ಹಾಪರ್ ಅವರನ್ನು ನೌಕಾಪಡೆ ನಿವೃತ್ತಿಗೊಳಿಸಿತ್ತು. ಆದರೆ 1967ರಲ್ಲಿ ಈ ಗೊಂದಲವನ್ನು ಬಿಡಿಸಲು ಆರು ತಿಂಗಳ ಅವಧಿಗೆಂದು ಅವರನ್ನೇ ಮತ್ತೆ ಕರೆಸಿಕೊಂಡಿತು. ಆ ಆರು ತಿಂಗಳು ಸುಮಾರು ಹತ್ತೊಂಬತ್ತು ವರ್ಷಗಳಾದುವು! ಕಂಪನಿಗಳು ಕೊಡುವ ಕಂಪೈಲರುಗಳು ನಿಯಮಕ್ಕೆ ತಕ್ಕಂತೆ ಇವೆಯೇ ಎಂದು ಒರೆಹಚ್ಚಿ ನೋಡುವ ಪರೀಕ್ಷೆಗಳನ್ನು ಅವರ ತಂಡ ರೂಪಿಸಿತು.

1986ರ ಆಗಸ್ಟ್ ತಿಂಗಳಲ್ಲಿ, ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಪದವಿಯಲ್ಲಿದ್ದ ಹಾಪರ್ ನೌಕಾಪಡೆಯಿಂದ ನಿವೃತ್ತರಾದರು. ಆಗಲೂ ಸುಮ್ಮನೆ ಕುಳಿತುಕೊಳ್ಳದೆ ಒಂದು ಗಣಕಯಂತ್ರ ಕಂಪನಿಗೆ ಸಲಹೆಗಾರರಾದರು. ಊರೂರು ಸುತ್ತಿ ತರುಣರಿಗೆ ಉಪನ್ಯಾಸ ನೀಡಿದರು. ಹಿಂದಿನಿಂದ ನಡೆದು ಬಂದಿದೆ ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಒಪ್ಪಬಾರದೆಂಬುದು ಅವರ ನಿಲುವು. ಇದನ್ನು ನೆನಪಿಸಲೆಂದೇ ಅವರ ಕೊಠಡಿಯ ಗೋಡೆಯಲ್ಲಿ ಮುಳ್ಳುಗಳು ಹಿಮ್ಮುಖವಾಗಿ ತಿರುಗುವ ಗಡಿಯಾರವೊಂದಿತ್ತು. ಅದೂ ಸರಿಯಾದ ವೇಳೆಯನ್ನೇ ತೋರಿಸುತ್ತಿತ್ತು. 1992ರ ಜನವರಿ 1ರಂದು, ಎಂಬತ್ತೈದನೆಯ ವಯಸ್ಸಿನಲ್ಲಿ, ಅವರು ನಿಧನರಾದರು. 2016ರಲ್ಲಿ ಅಮೆರಿಕ ಸರ್ಕಾರ ಮರಣೋತ್ತರವಾಗಿ ಅವರಿಗೆ ಅಧ್ಯಕ್ಷರ ಸ್ವಾತಂತ್ರ್ಯ ಪದಕವನ್ನಿತ್ತು ಗೌರವಿಸಿತು.

ಮಾರ್ಕ್ 1 ಇಂದು ಪ್ರದರ್ಶನದ ವಸ್ತು. 1960ರಲ್ಲಿ ಕೋಬಾಲ್‌ನ ಮಾತಿಗೆ ಕಿವಿಗೊಟ್ಟ ಆ ಎರಡು ಯಂತ್ರಗಳ ಕಾಲವೂ ಎಂದೋ ಮುಗಿಯಿತು. ಆದರೆ ಕೋಬಾಲ್‌ನಲ್ಲಿ ಬರೆದ ಕ್ರಮವಿಧಿಗಳು ಯಂತ್ರದಿಂದ ಯಂತ್ರಕ್ಕೆ ದಾಟುತ್ತ ಬದುಕಿದುವು. ಇಸವಿಯನ್ನು ಎರಡೇ ಅಂಕಿಗಳಲ್ಲಿ ಬರೆದಿದ್ದ ಹಳೆಯ ಕ್ರಮವಿಧಿಗಳನ್ನು 2000ನೆಯ ಇಸವಿಗೆ ಮುನ್ನ ತಿದ್ದಬೇಕಾಗಿ ಬಂದಾಗ, ಬೆಂಗಳೂರಿನ ಎಂಜಿನಿಯರುಗಳೂ ಆ ಕಾರ್ಯದಲ್ಲಿ ಪಾಲುಗೊಂಡರು. ಎಲ್ಲಿಯೋ ಯಾರೋ ಬರೆದಿಟ್ಟುದನ್ನು ದಶಕಗಳ ಅನಂತರ ಇವರು ಓದಿ ಅರ್ಥಮಾಡಿಕೊಳ್ಳಲು ಸಾಧ್ಯವಾಯಿತು.

ಇಂದು ಹೊಸ ಹೊಸ ಭಾಷೆಗಳು ಬಂದಿವೆ. ಮೇಜಿನ ಮೇಲಿನ ಗಣಕಯಂತ್ರದಲ್ಲಿಯೂ ಅಂಗೈಯೊಳಗಿನ ಫೋನಿನಲ್ಲಿಯೂ ಒಂದೇ ಕ್ರಮವಿಧಿ ನಡೆಯಬೇಕೆಂದು ಬಯಸುವವರು ಭಾಷೆಯನ್ನು ಆರಿಸಿಕೊಳ್ಳುವಾಗ ಕೇಳಿಕೊಳ್ಳುವುದು 1959ರ ಪ್ರಶ್ನೆಗಳನ್ನೇ: ಇದು ನಾಳಿನ ಯಂತ್ರದಲ್ಲಿಯೂ ನಡೆದೀತೆ? ನಮ್ಮ ಅನಂತರ ಬರುವವರು ಇದನ್ನು ಓದಬಲ್ಲರೆ? ಈ ಪ್ರಶ್ನೆಗಳನ್ನು ಮೊದಲು ಕೇಳಿ, ಉತ್ತರಕ್ಕಾಗಿ ಬದುಕಿಡೀ ದುಡಿದವರಲ್ಲಿ ಗ್ರೇಸ್ ಹಾಪರ್ ಅವರ ಹೆಸರು ಚಿರಸ್ಮರಣೀಯವಾದುದು.