ಸರ್ ಕೆ. ಶೇಷಾದ್ರಿ ಅಯ್ಯರವರು: ನದಿಯ ನ್ಯಾಯವೂ ವಿದ್ಯುಚ್ಛಕ್ತಿಯ ನ್ಯಾಯವೂ

ಬೆಂಗಳೂರಿನ ಹೊರವಲಯದಲ್ಲಿ ಪೀಣ್ಯದ ಕಾರ್ಖಾನೆಗಳೂ ವೈಟ್‌ಫೀಲ್ಡಿನ ಗಣಕ ಸಂಸ್ಥೆಗಳೂ ಎಲೆಕ್ಟ್ರಾನಿಕ್ ಸಿಟಿಯ ಸೌಧಗಳೂ ಹಗಲಿರುಳೆನ್ನದೆ ನಡೆಯುತ್ತಿರುವುದನ್ನು ಕಾಣುವ ನಾಗರಿಕರು ಇವುಗಳ ಮೂಲ ಬಂಡವಾಳವಾವುದೆಂದು ವಿಚಾರಿಸುವುದು ಅಪರೂಪ. ಹಣವೂ ವಿದ್ಯೆಯೂ ಆ ಬಂಡವಾಳದ ಭಾಗಗಳೆಂಬುದು ದಿಟ. ಆದರೆ ನೀರೂ ವಿದ್ಯುಚ್ಛಕ್ತಿಯೂ ಇಲ್ಲದಿದ್ದರೆ ಅವೆರಡರಿಂದ ಒಂದು ಚಕ್ರವೂ ತಿರುಗಲಾರದು. ನೀರಾದರೋ ನೆರೆರಾಜ್ಯದೊಡನೆ ಹಂಚಿಕೊಳ್ಳಬೇಕಾದ ವಸ್ತು. ವಿದ್ಯುಚ್ಛಕ್ತಿಯು ನಮ್ಮಲ್ಲಿ ಮೊದಲಿಗೆ ಆ ನೀರಿನಿಂದಲೇ ಹುಟ್ಟಿತು. ಈ ಎರಡನ್ನೂ ಕಾನೂನಿನ ಕಟ್ಟಿನೊಳಗೆ ತಂದು ಸಂಸ್ಥಾನಕ್ಕೆ ದೊರಕಿಸಲು ಹೆಣಗಿದ ಮೊದಲಿಗರಲ್ಲಿ ದಿವಾನ್ ಸರ್ ಕುಮಾರಪುರಂ ಶೇಷಾದ್ರಿ ಅಯ್ಯರವರು ಅಗ್ರಗಣ್ಯರು. ಅವರು ತೀರಿಕೊಂಡು ಒಂದು ಶತಮಾನಕ್ಕೂ ಮಿಕ್ಕಿ ಕಾಲ ಸಂದಿದೆ. ಅವರ ಕಾಲದ ಕಾಗದವಾದರೋ ಇಂದಿಗೂ ನ್ಯಾಯಾಲಯಗಳಲ್ಲಿ ಮಾತನಾಡುತ್ತಿದೆ.

ಶೇಷಾದ್ರಿ ಅಯ್ಯರವರು 1845ನೆಯ ಇಸವಿ ಜೂನ್ 1ನೆಯ ತಾರೀಖು ಮಲಬಾರಿನ ಪಾಲಘಾಟಿನ ಬಳಿ ಜನಿಸಿದರು. ತಂದೆ ಅನಂತನಾರಾಯಣ ಅಯ್ಯರವರು ಕಲ್ಲಿಕೋಟೆಯಲ್ಲಿ ವಕೀಲರಾಗಿದ್ದರು. ಬಾಲಕನು ಕಲ್ಲಿಕೋಟೆಯಲ್ಲಿಯೂ ಅನಂತರ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಓದಿ 1868ರಲ್ಲಿ ಬಿ.ಎ. ಪದವೀಧರನಾದನು. ಅದೇ ವರ್ಷ ರಂಗಾಚಾರ್ಲುರವರ ಕರೆಯ ಮೇರೆಗೆ ಮೈಸೂರಿಗೆ ಬಂದು ಅಷ್ಟಗ್ರಾಮ ವಿಭಾಗದ ನ್ಯಾಯಾಲಯದಲ್ಲಿ ಶಿರಸ್ತೇದಾರರಾದರು. ಕೆಲಸದ ನಡುವೆಯೇ ಕಾನೂನನ್ನು ವ್ಯಾಸಂಗಮಾಡಿ 1874ರಲ್ಲಿ ಬಿ.ಎಲ್. ಪದವಿಯನ್ನು ಪಡೆದರು. ಮುಂದೆ ತುಮಕೂರಿನಲ್ಲಿ ಡೆಪ್ಯುಟಿ ಕಮಿಷನರರಾಗಿಯೂ, ಸಂಸ್ಥಾನದ ಕಾಯಿದೆಗಳನ್ನು ಕ್ರಮಪಡಿಸುವ ಕಾರ್ಯದಲ್ಲಿಯೂ ದುಡಿದರು. 1883ರ ಆರಂಭದಲ್ಲಿ ರಂಗಾಚಾರ್ಲುರವರು ಕಾಲವಾಗಲು, ಚಾಮರಾಜೇಂದ್ರ ಒಡೆಯರವರು ಮೂವತ್ತೇಳು ವರ್ಷದ ಈ ನ್ಯಾಯವೇತ್ತರನ್ನೇ ದಿವಾನಗಿರಿಗೆ ಆರಿಸಿದರು. ಆ ಸ್ಥಾನದಲ್ಲಿ ಅವರು 1901ರ ವರೆಗೆ, ಹದಿನೆಂಟು ವರ್ಷ ಇದ್ದರು.

ಆ ಹೊತ್ತಿನ ಮೈಸೂರಿನ ಸ್ಥಿತಿಯನ್ನು ನೆನೆಯಬೇಕು. 1876ರಿಂದ 1878ರ ವರೆಗಿನ ಮಹಾಕ್ಷಾಮವು ನಾಡನ್ನು ಬರಿದುಮಾಡಿತ್ತು. 1881ರಲ್ಲಿ ಸಂಸ್ಥಾನವು ಅರಸರ ಕೈಗೆ ಮರಳಿ ಬಂದಾಗ ಸಾಲವೂ ಜೊತೆಯಲ್ಲಿಯೇ ಬಂದಿತು. ಕೆರೆಗಳನ್ನು ದುರಸ್ತು ಮಾಡುವುದು, ಹೊಸ ಕಟ್ಟೆಗಳನ್ನು ಕಟ್ಟುವುದು, ಉಗಿಬಂಡಿಯ ಹಾದಿಯನ್ನು ಬೆಳೆಸುವುದು ಇವೇ ಬದುಕುವ ಮಾರ್ಗಗಳೆಂದು ದಿವಾನರು ನಿಶ್ಚಯಿಸಿದರು. ಆದರೆ ಮೈಸೂರಿನ ಹೊಳೆಗಳೆಲ್ಲ ಕಡೆಗೆ ಗಡಿಯನ್ನು ದಾಟಿಯೇ ಸಮುದ್ರವನ್ನು ಸೇರತಕ್ಕವು. ಮೇಲಿನವನು ಕಟ್ಟೆ ಕಟ್ಟಿದರೆ ಕೆಳಗಿನವನ ಗದ್ದೆ ಒಣಗೀತೆಂದು ಮದರಾಸು ಸರಕಾರವು ಆಕ್ಷೇಪಿಸಿತು. 1890ರಲ್ಲಿ ಉದಕಮಂಡಲದಲ್ಲಿ ಎರಡು ಕಡೆಯವರೂ ಕಲೆತರು. ಮದರಾಸು ಪ್ರಾಂತದಲ್ಲಿ ಹುಟ್ಟಿ, ಮದರಾಸಿನಲ್ಲಿಯೇ ಓದಿದ ಶೇಷಾದ್ರಿ ಅಯ್ಯರವರು ಅಲ್ಲಿ ಮೈಸೂರಿನ ಪರವಾಗಿ ಮದರಾಸಿನೊಡನೆ ವಾದಿಸಬೇಕಾಯಿತು.

ಆ ಮಾತುಕತೆಯ ಫಲವೇ 1892ನೆಯ ಇಸವಿ ಫೆಬ್ರವರಿ 18ನೆಯ ತಾರೀಖಿನ ಕರಾರು. ಅದರ ಪಟ್ಟಿಯಲ್ಲಿ ತುಂಗಭದ್ರಾ, ವೇದಾವತಿ, ಪಾಲಾರ್, ಕಾವೇರಿ, ಹೇಮಾವತಿ, ಕಪಿಲೆ ಮೊದಲಾದ ಹದಿನೈದು ಮುಖ್ಯ ನದಿಗಳಿದ್ದವು. ದಕ್ಷಿಣ ಪಿನಾಕಿನಿಯೂ ಅವುಗಳಲ್ಲಿ ಒಂದು. ಈ ನದಿಗಳಿಗೆ ಮದರಾಸಿನ ಪೂರ್ವಾನುಮತಿಯಿಲ್ಲದೆ ಮೈಸೂರು ಹೊಸ ನೀರಾವರಿ ಜಲಾಶಯವನ್ನು ಕಟ್ಟಕೂಡದೆಂಬುದು ಅದರ ತಿರುಳು. ಇದರ ಪ್ರತಿಯಾಗಿ, ಹಿಂದಿನಿಂದ ಅನುಭೋಗಿಸಿಕೊಂಡು ಬಂದು ಸಿದ್ಧಿಸಿದ ಹಕ್ಕುಗಳ ರಕ್ಷಣೆಗೆ ಹೊರತು ಬೇರಾವ ಕಾರಣದಿಂದಲೂ ಮದರಾಸು ಅನುಮತಿಯನ್ನು ನಿರಾಕರಿಸಕೂಡದೆಂದೂ, ವಿವಾದ ಬಂದಲ್ಲಿ ಪಂಚಾಯಿತಿಯಿಂದಲೋ ಭಾರತ ಸರಕಾರದಿಂದಲೋ ತೀರ್ಮಾನವಾಗತಕ್ಕದ್ದೆಂದೂ ಬರೆದರು.

ಈ ಕರಾರು ಸಮಾನರು ಸಮಾನರೊಡನೆ ಮಾಡಿಕೊಂಡುದಲ್ಲ. ಮದರಾಸು ಬ್ರಿಟಿಷರ ಪ್ರಾಂತ. ತೀರ್ಪುಗಾರರ ಮೇಲಿನ ತೀರ್ಪುಗಾರರೂ ಬ್ರಿಟಿಷರೇ. ಇದರ ಪೆಟ್ಟು ಮುಂದೆ ಕನ್ನಂಬಾಡಿಯ ಕಟ್ಟೆಯ ಕಾಲದಲ್ಲಿ ಪ್ರಕಟವಾಯಿತು. 1914ರಲ್ಲಿ ಗ್ರಿಫಿನ್ ಎಂಬ ಪಂಚಾಯಿತಿದಾರರು ಮೈಸೂರಿಗೆ ಒಪ್ಪುವ ತೀರ್ಪನ್ನು ಕೊಟ್ಟರೂ ಇಂಗ್ಲೆಂಡಿನಲ್ಲಿ ಕುಳಿತ ಭಾರತ ಸಚಿವರು ಅದನ್ನು ನಿಲ್ಲಗೊಡಲಿಲ್ಲ. ಆ ಬಳಿಕವೇ 1924ರ ಕರಾರು ಹುಟ್ಟಿತು. ಆದರೂ ಶೇಷಾದ್ರಿ ಅಯ್ಯರವರನ್ನು ಇದಕ್ಕಾಗಿ ಹಳಿಯುವುದು ನ್ಯಾಯವಲ್ಲ. ಪರಮಾಧಿಕಾರದ ನೆರಳಿನಲ್ಲಿ ನಿಂತ ಸಂಸ್ಥಾನದ ಮಂತ್ರಿಗೆ, ನಿರಾಕರಣೆಗೆ ಎಲ್ಲೆಯನ್ನು ಹಾಕಿದ ಆ ವಾಕ್ಯವೂ ಪಂಚಾಯಿತಿಯ ಆ ವಾಕ್ಯವೂ ಸಣ್ಣ ಆಯುಧಗಳಲ್ಲ. ಪಟ್ಟಿಯಲ್ಲಿದ್ದ ವೇದಾವತಿಗೇ ಮಾರಿಕಣಿವೆಯಲ್ಲಿ ಮಹಾ ಜಲಾಶಯದ ಕಾರ್ಯವು ಅವರ ಕಾಲದಲ್ಲಿಯೇ ಆರಂಭವಾಯಿತಲ್ಲವೆ!

ನೀರಾವರಿಗೆ ಕಟ್ಟು ಬಿದ್ದಲ್ಲಿ ದಿವಾನರು ನೀರಿನ ಮತ್ತೊಂದು ಗುಣವನ್ನು ಹಿಡಿದರು. ಜಲಪಾತದಿಂದ ಶಕ್ತಿಯನ್ನು ತೆಗೆದುಕೊಂಡರೆ ನೀರು ವ್ಯಯವಾಗದು. ಯಂತ್ರವನ್ನು ತಿರುಗಿಸಿ ಮತ್ತೆ ಹೊಳೆಗೇ ಸೇರುವುದು. ಕೋಲಾರದ ಚಿನ್ನದ ಗಣಿಗಳು ಅಂದು ಸೌದೆಯನ್ನೂ ಕಲ್ಲಿದ್ದಲನ್ನೂ ಉರಿಸಿ ಉಗಿಯಿಂದ ನಡೆಯುತ್ತಿದ್ದವು. ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಉತ್ಪಾದಿಸಿ ತಂತಿಯ ಮೂಲಕ ಗಣಿಗಳಿಗೆ ಮಾರಬಹುದೆಂಬ ಯೋಜನೆಯನ್ನು ಸಂಸ್ಥಾನದ ಇಂಜಿನಿಯರರಾದ ಜೋಲಿ ಡಿ ಲಾಟ್ಬಿನಿಯರ್ ಎಂಬವರು ಸಿದ್ಧಗೊಳಿಸಿದರು. 1894ರಲ್ಲಿ ಚಾಮರಾಜೇಂದ್ರ ಒಡೆಯರವರು ಕಲ್ಕತ್ತೆಯಲ್ಲಿ ಅಕಾಲಿಕವಾಗಿ ತೀರಿಕೊಂಡಿದ್ದರು. ವಾಣಿವಿಲಾಸ ಸನ್ನಿಧಾನದ ಮಹಾರಾಣಿಯವರು ಆಳುತ್ತಿದ್ದ ಆ ದಿನಗಳಲ್ಲಿ, ಜಗತ್ತಿನಲ್ಲಿಯೇ ಹೊಸದಾದ ಇಂಥ ಸಾಹಸಕ್ಕೆ ಬೊಕ್ಕಸವನ್ನು ತೊಡಗಿಸುವುದು ಸಾಮಾನ್ಯ ಧೈರ್ಯದ ಮಾತಲ್ಲ.

ಇಲ್ಲಿಯೂ ಗಡಿಯ ಪ್ರಶ್ನೆ ಬಿಡಲಿಲ್ಲ. ಹೊಳೆಯ ಆಚೆಯ ಕೊಳ್ಳೇಗಾಲ ತಾಲ್ಲೂಕು ಅಂದು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರಲ್ಲಿ ಮಾತ್ರ ಅದು ಮೈಸೂರಿಗೆ ಬಂದಿತು. ವಿದ್ಯುದ್ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಿಂದಲೂ ಜಲಯಂತ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಸಂಸ್ಥೆಯಿಂದಲೂ ಬರಬೇಕು. ಶಕ್ತಿಯನ್ನು ಕೊಳ್ಳುವ ಗಣಿಗಳ ಆಡಳಿತ ಲಂಡನ್ನಿನ ಜಾನ್ ಟೇಲರ್ ಸಂಸ್ಥೆಯ ಕೈಯಲ್ಲಿ. ಒಂದೇ ಯೋಜನೆಯಲ್ಲಿ ನೆರೆಪ್ರಾಂತದ ನದಿಹಕ್ಕು, ಹೊರದೇಶದ ಯಂತ್ರ, ಸೀಮೆಯ ಗ್ರಾಹಕ ಈ ಮೂರೂ ಕೂಡಿದ್ದವು. ದಿವಾನರಿಗೆ ನ್ಯಾಯಾಲಯದಲ್ಲಿ ಪಳಗಿದ ಬುದ್ಧಿ ಇಲ್ಲಿ ಬೇಕಾಯಿತು. 1902ನೆಯ ಇಸವಿ ಜೂನ್ 30ನೆಯ ತಾರೀಖು ಶಿವನಸಮುದ್ರದಿಂದ 92 ಮೈಲಿ ದೂರದ ಕೋಲಾರಕ್ಕೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಅದನ್ನು ನೋಡಲು ಶೇಷಾದ್ರಿ ಅಯ್ಯರವರು ಉಳಿದಿರಲಿಲ್ಲ. ದೇಹಾಲಸ್ಯದಿಂದ ಅಧಿಕಾರವನ್ನು ಬಿಟ್ಟ ಅವರು 1901ನೆಯ ಇಸವಿ ಸೆಪ್ಟೆಂಬರ್ 13ರಂದು ಅಸ್ತಂಗತರಾಗಿದ್ದರು.

ಬೆಂಗಳೂರಿಗೆ ಹೆಸರಘಟ್ಟದ ಕೆರೆಯಿಂದ ಅರ್ಕಾವತಿಯ ನೀರನ್ನು ತರಿಸಿದುದೂ, ಬಸವನಗುಡಿ ಮಲ್ಲೇಶ್ವರಗಳೆಂಬ ಬಡಾವಣೆಗಳು ಎದ್ದುದೂ ಅವರ ಕಾಲದಲ್ಲಿಯೇ. ದೋಷಗಳನ್ನು ಮುಚ್ಚುವುದು ನಮ್ಮ ಉದ್ದೇಶವಲ್ಲ. ಹುದ್ದೆಗಳಲ್ಲಿ ಮದರಾಸಿನವರಿಗೆ ಒಲವು ತೋರಿದರೆಂದು ಮೈಸೂರಿಗರು ಅಂದು ದೂರಿದರು. ಆ ದೂರು ನಿರಾಧಾರವೆನ್ನಲಾಗದು. ಅಧಿಕಾರವನ್ನು ತಮ್ಮೊಬ್ಬರ ಕೈಯಲ್ಲಿಯೇ ಕೂಡಿಸಿಕೊಂಡರೆಂಬ ಮಾತೂ ಇತ್ತು. ಆದರೆ ಸಂಸ್ಥಾನದ ನೀರಿನ ಹಕ್ಕಿನ ವಿಷಯದಲ್ಲಿ ಅವರು ಹೊರನಾಡಿನವರಾಗಿ ನಡೆದುಕೊಳ್ಳಲಿಲ್ಲ.

ಇನ್ನು ಇಂದಿನ ಮಾತು. ಶೇಷಾದ್ರಿ ಅಯ್ಯರವರು ದಿವಾನರಾಗುವ ಮುಂಚಿನ ವರ್ಷ, 1882ರಲ್ಲಿ, ಆಂಗ್ಲೋ-ಇಂಡಿಯನ್ನರ ಬೇಸಾಯದ ನೆಲೆಯಾಗಿ ಹುಟ್ಟಿದ ವೈಟ್‌ಫೀಲ್ಡು ಇಂದು ಲೋಕಪ್ರಸಿದ್ಧವಾದ ಉದ್ಯಮಕ್ಷೇತ್ರ. ಅದು ಕಾವೇರಿಯ ಜಲಾನಯನಕ್ಕೆ ಸೇರದೆ ದಕ್ಷಿಣ ಪಿನಾಕಿನಿಯ ಕಡೆಗೆ ಇಳಿಯುವ ನೆಲ. ಪೀಣ್ಯದ ಕೊಳಚೆಯಾದರೋ ವೃಷಭಾವತಿಯ ಮೂಲಕ ಅರ್ಕಾವತಿಯನ್ನೂ ಕಾವೇರಿಯನ್ನೂ ಸೇರುತ್ತದೆ. ನಗರದ ಮೂರನೆಯ ಒಂದು ಭಾಗ ಮಾತ್ರ ಕಾವೇರಿಯ ಜಲಾನಯನದೊಳಗಿದೆಯೆಂದು ಕಾವೇರಿ ನ್ಯಾಯಾಧಿಕರಣವು ಬೆಂಗಳೂರಿನ ಕುಡಿಯುವ ನೀರನ್ನು ಕಡಿಮೆಮಾಡಿ ಎಣಿಸಿತ್ತು. 2018ನೆಯ ಇಸವಿ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಆ ಎಣಿಕೆಯನ್ನು ಒಪ್ಪದೆ, ನಗರಕ್ಕಾಗಿ 4.75 ಟಿ.ಎಂ.ಸಿ. ನೀರನ್ನು ಹೆಚ್ಚಾಗಿ ಕೊಟ್ಟಿತು. ನಮ್ಮ ಹಕ್ಕು ಹೀಗೆ ಸ್ಥಾಪಿತವಾಯಿತು. ಹಕ್ಕಿನ ಜೊತೆಗೆ ಹೊಣೆಯೂ ಬರುತ್ತದೆಂಬುದನ್ನು ನಾವು ಮರೆತಂತಿದೆ.

ನಾವು ಕುಡಿದ ಕಾವೇರಿಯು ಕೊಳಚೆಯಾಗಿ ಬೆಳ್ಳಂದೂರು ವರ್ತೂರು ಕೆರೆಗಳನ್ನು ತುಂಬಿ, ದಕ್ಷಿಣ ಪಿನಾಕಿನಿಯನ್ನು ಸೇರಿ, ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯಕ್ಕೆ ನೊರೆಯೊಡನೆ ಇಳಿಯುತ್ತದೆ. 2017ರಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿಯೆದ್ದಾಗ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ತಾನಾಗಿಯೇ ಮೊಕದ್ದಮೆಯನ್ನು ಕೈಗೆತ್ತಿಕೊಂಡು, 2018ರ ಡಿಸೆಂಬರಿನಲ್ಲಿ ರಾಜ್ಯ ಸರಕಾರಕ್ಕೆ 50 ಕೋಟಿ ರೂಪಾಯಿಗಳನ್ನೂ ಅಂದಿನ ಮಹಾನಗರ ಪಾಲಿಕೆಗೆ 25 ಕೋಟಿ ರೂಪಾಯಿಗಳನ್ನೂ ದಂಡ ವಿಧಿಸಿತು. ಅದಕ್ಕೂ ಮೊದಲು, 2015ರಲ್ಲಿ, ಕಾವೇರಿಯೂ ಪಿನಾಕಿನಿಯೂ ಕಲುಷಿತವಾಗುತ್ತಿವೆಯೆಂದು ತಮಿಳುನಾಡು ಸರಕಾರವು ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಿತ್ತು. 2018ರಲ್ಲಿ ಮತ್ತೊಂದು ದಾವೆ ಬಂದಿತು: ಪಿನಾಕಿನಿಯ ಉಪನದಿಯಾದ ಮಾರ್ಕಂಡೇಯದ ಕಟ್ಟೆಯ ಮೇಲೆ. ಆ ದಾವೆಗೆ ಒಂದು ಆಧಾರ ಅದೇ 1892ರ ಕರಾರು. 2019ರ ನವೆಂಬರ್ 14ರಂದು ನ್ಯಾಯಾಲಯವು ತಡೆಯಾಜ್ಞೆಯನ್ನು ಕೊಡದೆ, 1956ರ ಅಂತರರಾಜ್ಯ ಜಲವಿವಾದ ಕಾಯಿದೆಯ ಮೇರೆಗೆ ನ್ಯಾಯಾಧಿಕರಣವನ್ನು ಕೇಂದ್ರದಲ್ಲಿ ಕೇಳಿಕೊಳ್ಳಬಹುದೆಂದಿತು.

ಹೊರವಲಯದ ಒಂದು ಕಾರ್ಖಾನೆಗೆ ಸಲಹೆಯನ್ನು ಕೊಡುವ ವಕೀಲರ ಮೇಜಿನ ಮೇಲೆ ಇಂದು ಎಷ್ಟು ಕಾಯಿದೆಗಳಿವೆಯೆಂದು ನೋಡಿರಿ. ಕೊಳಚೆಯನ್ನು ಬಿಡಲು 1974ರ ಜಲಮಾಲಿನ್ಯ ಕಾಯಿದೆಯ ಮೇರೆಗೆ ಸಮ್ಮತಿ ಬೇಕು. ಹಸಿರು ನ್ಯಾಯಾಧಿಕರಣದ ದಕ್ಷಿಣ ಪೀಠವಿರುವುದು ಚೆನ್ನೈಯಲ್ಲಿ. ಹೊರರಾಜ್ಯದ ವಿದ್ಯುತ್ತನ್ನು ಕೊಳ್ಳುವುದಾದರೆ 2003ರ ವಿದ್ಯುಚ್ಛಕ್ತಿ ಕಾಯಿದೆಯ ಮೇರೆಗೆ ಕೇಂದ್ರ ಆಯೋಗದ ನಿಯಮವೂ ರಾಜ್ಯ ಆಯೋಗದ ನಿಯಮವೂ ಎದುರಾಗುತ್ತವೆ. ಪೀಣ್ಯದ ಉಕ್ಕಿನ ತಿರುಪು ಮೊಳೆಗಳನ್ನು ಐರೋಪ್ಯ ಒಕ್ಕೂಟಕ್ಕೆ ಕಳುಹಿಸುವುದಾದರೆ, 2023ರ ಅಕ್ಟೋಬರಿನಿಂದ ಅಲ್ಲಿ ಜಾರಿಗೆ ಬಂದ ಕಟ್ಟಳೆಯಂತೆ ಆ ಸರಕಿನ ತಯಾರಿಕೆಯಲ್ಲಿ ಎಷ್ಟು ಇಂಗಾಲ ಹೊರಬಿದ್ದಿತೆಂಬ ಲೆಕ್ಕವೂ ಬೇಕು. ಕೋಲಾರದ ಗಣಿಗೆ ಶಕ್ತಿಯನ್ನು ಮಾರಿದ ದಿವಾನರ ಮುಂದಿದ್ದ ಸಮಸ್ಯೆಯೇ ಇಂದು ಸಾವಿರ ಚೂರುಗಳಾಗಿ ಸಣ್ಣ ಕಾರ್ಖಾನೆಯ ಯಜಮಾನನ ಮನೆಬಾಗಿಲಿಗೆ ಬಂದಿದೆ.

ಆದರೂ ಒಂದು ಮುಖ್ಯ ಕೊರತೆಯನ್ನು ಹೇಳದೆ ಬಿಡಲಾಗದು. 1892ರ ಕರಾರು ನೀರಿನ ಮೊತ್ತವನ್ನು ಕುರಿತು ಮಾತನಾಡಿತು. ನೀರಿನ ಶುಚಿಯನ್ನು ಕುರಿತು ಮಾತನಾಡಲಿಲ್ಲ. ಅಂದು ಅದು ಯಾರಿಗೂ ತೋರಿರಲಾರದು. ಆ ಬಳಿಕ ನಡೆದ ದೊಡ್ಡ ವ್ಯಾಜ್ಯಗಳೂ ಎಷ್ಟು ಟಿ.ಎಂ.ಸಿ. ಎಂಬ ಒಂದೇ ಅಳತೆಯನ್ನು ಹಿಡಿದು ನಡೆದವು. ಕೆಳಗಿನ ರೈತನಿಗಾದರೋ ಬಾರದ ನೀರು ಎಂತೋ, ಬಂದ ವಿಷವೂ ಅಂತೆಯೇ ನಷ್ಟ. 1974ರ ಕಾಯಿದೆಯ 13ನೆಯ ವಿಧಿಯಲ್ಲಿ, ನೆರೆಯ ರಾಜ್ಯಗಳು ಒಪ್ಪಂದ ಮಾಡಿಕೊಂಡು ಜಂಟಿ ಮಾಲಿನ್ಯ ನಿಯಂತ್ರಣ ಮಂಡಲಿಯನ್ನು ಸ್ಥಾಪಿಸಲು ಅವಕಾಶವಿದೆ. ದಕ್ಷಿಣ ಪಿನಾಕಿನಿಗೂ ಅರ್ಕಾವತಿಗೂ ಕರ್ನಾಟಕ ತಮಿಳುನಾಡುಗಳು ಅಂಥ ಮಂಡಲಿಯನ್ನು ಮಾಡಿಕೊಳ್ಳುವುದು ಯುಕ್ತ. ಮೊದಲ ಮಾತನ್ನು ಮೇಲಿನ ರಾಜ್ಯವಾದ ನಾವೇ ಆಡುವುದು ಇನ್ನೂ ಯುಕ್ತ.

1892ರಲ್ಲಿ ಬಲವಂತರ ಮುಂದೆ ದುರ್ಬಲರಾಗಿ ನಿಂತು ಕರಾರು ಮಾಡಿಕೊಂಡ ಅನ್ಯಾಯವನ್ನು ನಾವು ಪೀಳಿಗೆಗಳಿಂದ ಹೇಳಿಕೊಂಡು ಬಂದಿದ್ದೇವೆ. ಹೇಳಿಕೊಂಡುದು ತಪ್ಪಲ್ಲ. ಆದರೆ ಈಗ ಮೇಲೆ ಅರಸೊತ್ತಿಗೆಯಿಲ್ಲ, ಲಂಡನ್ನಿನ ಸಚಿವರಿಲ್ಲ. ನಮ್ಮ ಕೆರೆಯ ನೊರೆಗೆ ನಾವೇ ಕಾರಣರು. ಸ್ವತಂತ್ರ ಜನವು ತನ್ನ ಪಾಲಿನ ನೀರನ್ನು ಕೇಳುವಷ್ಟೇ ಗಟ್ಟಿಯಾಗಿ, ತಾನು ಕೆಳಗೆ ಬಿಡುವ ನೀರಿಗೂ ಉತ್ತರ ಹೇಳಬೇಕು. ಕಬ್ಬನ್ ಉದ್ಯಾನದಲ್ಲಿ ನಿಂತಿರುವ ಶೇಷಾದ್ರಿ ಅಯ್ಯರವರ ಪ್ರತಿಮೆಗೆ ಹೂಮಾಲೆಯನ್ನು ಹಾಕುವುದು ಸುಲಭ. ಶಿವನಸಮುದ್ರದಲ್ಲಿ ಅವರು ಹೊಳೆಯಿಂದ ಶಕ್ತಿಯನ್ನು ಪಡೆದು ನೀರನ್ನು ಹೊಳೆಗೇ ಹಿಂದಿರುಗಿಸುವ ದಾರಿಯನ್ನು ತೋರಿದರು. ಅವರು ಬೆಳಗಿಸಿದ ನಗರವು ತಾನು ಬಳಸಿದ ನೀರನ್ನು ಶುದ್ಧಿಮಾಡಿ ಗಡಿಯಾಚೆಗೆ ಕಳುಹಿಸಿದ ದಿನವೇ ಅವರ ಋಣ ತೀರಿದಂತೆ.