ರೇಬೀಸ್ ಗೆದ್ದ ಲೂಯಿ ಪಾಶ್ಚರ್: ಲಸಿಕೆಯ ಜೊತೆಗೊಂದು ವ್ಯವಸ್ಥೆ

ಪ್ರತಿವರ್ಷ ಸೆಪ್ಟೆಂಬರ್ 28ರಂದು ವಿಶ್ವ ರೇಬೀಸ್ ದಿನವನ್ನು ಆಚರಿಸಲಾಗುತ್ತದೆ. ಅದು ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ 1895ರಲ್ಲಿ ನಿಧನರಾದ ದಿನ. ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕಂಡುಹಿಡಿದವರೆಂದು ಲೋಕ ಅವರನ್ನು ಸ್ಮರಿಸುತ್ತದೆ. ಆ ಲಸಿಕೆ ಸಕಾಲದಲ್ಲಿ ಜನರಿಗೆ ದೊರೆಯುವ ವ್ಯವಸ್ಥೆಗೂ ಅವರೇ ಅಡಿಪಾಯ ಹಾಕಿದರೆಂಬುದು ಅಷ್ಟಾಗಿ ನೆನಪಾಗುವುದಿಲ್ಲ.

ಪಾಶ್ಚರ್ ಜನಿಸಿದ್ದು 1822ರ ಡಿಸೆಂಬರ್ 27ರಂದು, ದೋಲ್ ಪಟ್ಟಣದಲ್ಲಿ. ತಂದೆ ಚರ್ಮ ಹದಮಾಡುವ ಕಸುಬಿನವರು. ಬಾಲ್ಯ ಕಳೆದ ಆರ್ಬ್ವಾ ಊರಿನಲ್ಲಿ 1831ರಲ್ಲಿ ಹುಚ್ಚು ತೋಳವೊಂದು ಹಲವರನ್ನು ಕಚ್ಚಿತು. ಕಾದ ಕಬ್ಬಿಣದಿಂದ ಗಾಯವನ್ನು ಸುಡುವುದೇ ಅಂದಿನ ಚಿಕಿತ್ಸೆ. ಕಮ್ಮಾರನ ಕುಲುಮೆಯೇ ಆಸ್ಪತ್ರೆ. ಆಗ ಪಾಶ್ಚರ್ ಎಂಟು ವರ್ಷದ ಬಾಲಕ.

ಮುಂದೆ ರಸಾಯನವಿಜ್ಞಾನಿಯಾದ ಅವರು ಹುದುಗುವಿಕೆ, ರೇಷ್ಮೆಹುಳುವಿನ ರೋಗ, ಜಾನುವಾರುಗಳ ಆಂತ್ರಾಕ್ಸ್ ಕುರಿತು ಸಂಶೋಧನೆ ನಡೆಸಿದರು. ಮೂವರು ಹೆಣ್ಣುಮಕ್ಕಳನ್ನು ಎಳೆವಯಸ್ಸಿನಲ್ಲೇ ಕಳೆದುಕೊಂಡರು. 1868ರಲ್ಲಿ ಪಾರ್ಶ್ವವಾಯು ಬಡಿದು ದೇಹದ ಎಡಭಾಗ ಸ್ವಾಧೀನ ತಪ್ಪಿತು. ಆದರೂ ಪ್ರಯೋಗಶಾಲೆಯನ್ನು ಬಿಡಲಿಲ್ಲ.

ರೇಬೀಸ್ ರೋಗಾಣು ಅಂದಿನ ಸೂಕ್ಷ್ಮದರ್ಶಕಕ್ಕೆ ಗೋಚರಿಸುತ್ತಿರಲಿಲ್ಲ. ಸಹೋದ್ಯೋಗಿ ಎಮಿಲ್ ರೂ ಅವರೊಡನೆ ಪಾಶ್ಚರ್, ಸೋಂಕು ತಗುಲಿದ ಮೊಲಗಳ ಬೆನ್ನುಹುರಿಯನ್ನು ಒಣಗಿಸಿ ಅದರ ತೀವ್ರತೆಯನ್ನು ತಗ್ಗಿಸಿದರು. 1885ರ ಜುಲೈ 6ರಂದು ಆಲ್ಸೇಸ್ ಪ್ರಾಂತ್ಯದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ನನ್ನು ತಾಯಿ ಪ್ಯಾರಿಸ್‌ಗೆ ಕರೆತಂದಳು. ಹುಚ್ಚುನಾಯಿ ಕಚ್ಚಿ ಎರಡು ದಿನವಾಗಿತ್ತು. ಪಾಶ್ಚರ್ ವೈದ್ಯರಲ್ಲವಾದ ಕಾರಣ ಡಾ. ಗ್ರಾಂಶೆ ಚುಚ್ಚುಮದ್ದು ನೀಡಿದರು. 13 ಚುಚ್ಚುಮದ್ದುಗಳ ಬಳಿಕ ಬಾಲಕ ಬದುಕುಳಿದ.

ಅದೇ ವರ್ಷ ನವೆಂಬರ್‌ನಲ್ಲಿ ಹತ್ತು ವರ್ಷದ ಲೂಯಿಸ್ ಪೆಲ್ಲೆತಿಯೆ ಎಂಬ ಬಾಲಕಿಯನ್ನು ಕರೆತಂದಾಗ ಕಡಿತವಾಗಿ 37 ದಿನ ಕಳೆದಿದ್ದವು. ರೋಗಾಣು ನರಗಳ ಮೂಲಕ ಮಿದುಳು ಸೇರುವ ಮುನ್ನ ದೇಹದಲ್ಲಿ ರಕ್ಷಣೆ ಮೂಡಿದರೆ ಮಾತ್ರ ಲಸಿಕೆ ಫಲಿಸುತ್ತದೆ. ಹೊತ್ತು ಮೀರಿದೆಯೆಂಬ ಅಳುಕಿದ್ದರೂ ಪಾಶ್ಚರ್ ಆಕೆಯನ್ನು ಹಿಂದೆ ಕಳುಹಿಸಲಿಲ್ಲ. ಬಾಲಕಿ ಡಿಸೆಂಬರ್‌ನಲ್ಲಿ ಅಸುನೀಗಿದಳು.

1886ರ ಮಾರ್ಚ್‌ನಲ್ಲಿ ತೋಳ ಕಚ್ಚಿದ 19 ಮಂದಿ ದೂರದ ರಷ್ಯಾದ ಸ್ಮೊಲೆನ್ಸ್ಕ್‌ನಿಂದ ಬಂದರು. 16 ಮಂದಿ ಬದುಕಿದರು; ಮೂವರು ಉಳಿಯಲಿಲ್ಲ. ಒಂದೇ ಪ್ರಯೋಗಶಾಲೆ ಇಡೀ ಜಗತ್ತಿಗೆ ಸಾಲದೆಂಬುದು ಸ್ಪಷ್ಟವಾಗಿತ್ತು. ದೇಶವಿದೇಶಗಳಿಂದ 20 ಲಕ್ಷ ಫ್ರಾಂಕ್‌ಗೂ ಹೆಚ್ಚು ದೇಣಿಗೆ ಹರಿದುಬಂತು. 1888ರ ನವೆಂಬರ್ 14ರಂದು ಪ್ಯಾರಿಸ್‌ನಲ್ಲಿ ಪಾಶ್ಚರ್ ಸಂಸ್ಥೆ ಉದ್ಘಾಟನೆಗೊಂಡಿತು.

ಸರ್ಕಾರಗಳೂ ಎಚ್ಚೆತ್ತವು. ಬ್ರಿಟನ್ ಸಮಿತಿಯೊಂದನ್ನು ನೇಮಿಸಿ ಪಾಶ್ಚರ್ ವಿಧಾನವನ್ನು ಪರೀಕ್ಷಿಸಿತು. ನಾಯಿಗಳಿಗೆ ಬಾಯಿಕುಕ್ಕೆ ಕಡ್ಡಾಯಗೊಳಿಸಿ, ಹೊರದೇಶದ ನಾಯಿಗಳ ಪ್ರವೇಶವನ್ನು ನಿಯಂತ್ರಿಸಿ, 1902ರಲ್ಲಿ ರೋಗವನ್ನು ನಿರ್ಮೂಲನಗೊಳಿಸಿತು. ಭಾರತದಲ್ಲಿ 1900ರಲ್ಲಿ ಕಸೌಲಿಯಲ್ಲಿ, 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆಗಳು ತಲೆಯೆತ್ತಿದವು. ಕೂನೂರಿನ ಸಂಸ್ಥೆ ದಕ್ಷಿಣ ಭಾರತದವರಿಗೆ ಆಸರೆಯಾಯಿತು.

ನಾಯಿಯಿಂದ ಹರಡುವ ರೇಬೀಸನ್ನು 2030ರೊಳಗೆ ತೊಡೆದುಹಾಕುವ ರಾಷ್ಟ್ರೀಯ ಯೋಜನೆಯನ್ನು ಭಾರತ 2021ರಲ್ಲಿ ಪ್ರಕಟಿಸಿತು. ಮರುವರ್ಷ ಕರ್ನಾಟಕವು ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ಘೋಷಣೆ ಸಾರ್ಥಕವಾಗಬೇಕಾದರೆ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಲಸಿಕೆಯೂ ಗಂಭೀರ ಗಾಯಕ್ಕೆ ಬೇಕಾದ ಇಮ್ಯುನೊಗ್ಲಾಬ್ಯುಲಿನ್ ಸಹ ಸಿದ್ಧವಿರಬೇಕು. ಬೀದಿಯ ನಾಯಿಗೂ ಲಸಿಕೆ ಸಲ್ಲಬೇಕು.

ಪಾಶ್ಚರ್ ತಮ್ಮ ಸಂಸ್ಥೆಯ ನೆಲಮಾಳಿಗೆಯಲ್ಲೇ ಚಿರನಿದ್ರೆಯಲ್ಲಿದ್ದಾರೆ. ಅವರು ಬದುಕಿಸಿದ ಜೋಸೆಫ್ ಮೈಸ್ಟರ್ ಮುಂದೆ ಅದೇ ಸಂಸ್ಥೆಯ ದ್ವಾರಪಾಲಕನಾಗಿ ದುಡಿದ. ಸಕಾಲದಲ್ಲಿ ತಲುಪಿದ ಮದ್ದಿಗೆ ಆತನ ಬದುಕು ಸಾಕ್ಷಿ. ತಡವಾಗಿ ತಲುಪಿದ್ದಕ್ಕೆ ಲೂಯಿಸ್‌ಳ ಸಾವು ಸಾಕ್ಷಿ.